ಸಂಬಳಕ್ಕೆ ನಿಂತ ಕಾವಲು

ಬ್ರೆಜಿಲ್‌ನ ಒಳನಾಡಿನಲ್ಲಿ ಸೆರಾಡೊ ಎಂಬ ಕುರುಚಲು ಕಾಡು ಹಬ್ಬಿದೆ. ಅಲ್ಲಿ ಪೆಕಿ ಎಂಬ ಮರವೊಂದಿದೆ; ಅದರ ಹಣ್ಣನ್ನು ಅಲ್ಲಿನ ಜನ ಅಕ್ಕಿಯ ಜೊತೆ ಬೇಯಿಸಿ ಉಣ್ಣುತ್ತಾರೆ. ಈ ಮರದ ಚಿಗುರು, ಮೊಗ್ಗುಗಳ ಮೇಲೆ ಸಿಹಿರಸ ಒಸರುವ ಪುಟ್ಟ ಗ್ರಂಥಿಗಳಿವೆ. ಹೂವಿನೊಳಗಿನ ಮಕರಂದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಪರಾಗ ಹೊತ್ತೊಯ್ಯುವವರಿಗೆ, ಇದು ಇರುವೆಗೆ. ಸಿಹಿ ನೆಕ್ಕಲು ಬಂದ ಇರುವೆ ದಾರಿಯಲ್ಲಿ ಹುಳು ಸಿಕ್ಕರೆ ಕಚ್ಚುತ್ತದೆ, ಎಳೆದೊಯ್ಯುತ್ತದೆ. ಮರಕ್ಕೆ ಬೇಕಾದದ್ದೂ ಅಷ್ಟೇ.

ಯೂನಿಕಾ ಬೆಕಿನಾ ಎಂಬ ಚಿಟ್ಟೆಯ ಮರಿಗಳು ಬೆಳೆಯಬೇಕಾದದ್ದು ಇದೇ ಪೆಕಿಯ ಎಳೆ ಎಲೆ ತಿಂದು. ಹಾಗಾದರೆ ತಾಯಿಚಿಟ್ಟೆ ಮೊಟ್ಟೆಯಿಡಲು ಯಾವ ಚಿಗುರನ್ನು ಆರಿಸಿಕೊಳ್ಳುತ್ತದೆ? ಫ್ರೈಟಾಸ್ ಮತ್ತು ಒಲಿವೇರಾ ಎಂಬ ಇಬ್ಬರು ಬ್ರೆಜಿಲ್ ವಿಜ್ಞಾನಿಗಳು ಇದನ್ನು ತಿಳಿಯಲು ಮಕ್ಕಳಾಟದಂಥ ಉಪಾಯ ಹೂಡಿದರು. ಕೆಲವು ಚಿಗುರುಗಳಿಗೆ ರಬ್ಬರಿನ ಇರುವೆಗಳನ್ನು ಸಿಕ್ಕಿಸಿದರು, ಇನ್ನು ಕೆಲವಕ್ಕೆ ಅದೇ ರಬ್ಬರಿನ ದುಂಡು ಬಿಲ್ಲೆಗಳನ್ನು. ವಾಸನೆಯಿಲ್ಲ, ಅಲುಗಾಟವಿಲ್ಲ, ಬರೀ ಆಕಾರ. ಬಿಲ್ಲೆಯಿದ್ದ ಕಡೆ ಚಿಟ್ಟೆ ಮೊಟ್ಟೆಯಿಟ್ಟಿತು. ರಬ್ಬರಿನ ಇರುವೆ ಇದ್ದ ಕಡೆ ಇಟ್ಟದ್ದು ಕಡಿಮೆ. ಇದು ಪ್ರಕಟವಾದದ್ದು 1996ರಲ್ಲಿ. 2009ರಲ್ಲಿ ಸೆಂಡೋಯಾ ಎಂಬವರೂ ಸೇರಿಕೊಂಡು ಮತ್ತೊಂದು ಹೆಜ್ಜೆ ಹೋದರು. ಈ ಸಲ ಸತ್ತು ಒಣಗಿದ ನಿಜವಾದ ಇರುವೆಗಳು, ಅದರಲ್ಲೂ ಎರಡು ಜಾತಿಯವು. ಒಂದು ಮರಿಹುಳುಗಳಿಗೆ ಯಮನಂಥ ಕ್ಯಾಂಪೊನೋಟಸ್. ಇನ್ನೊಂದು ಅಷ್ಟೇನೂ ಕಾಟ ಕೊಡದ ಸೆಫಲೋಟಿಸ್. ಚಿಟ್ಟೆ ಇವೆರಡರ ವ್ಯತ್ಯಾಸವನ್ನು ಕಣ್ಣಿನಿಂದಲೇ ಗುರುತಿಸಿ, ಕ್ಯಾಂಪೊನೋಟಸ್ ಇದ್ದ ಚಿಗುರಿನಿಂದ ದೂರ ಉಳಿಯಿತು. ಚಿಟ್ಟೆ ಎಂದರೆ ಗಾಳಿ ಬೀಸಿದತ್ತ ಹೋಗುವ ಬಣ್ಣದ ಚೂರು ಎಂದುಕೊಂಡವರು ಈ ಪ್ರಯೋಗವನ್ನೊಮ್ಮೆ ನೆನೆಯಬೇಕು.

ಇರುವೆಯನ್ನು ಗಿಡದ ಕಾವಲಿಗೆ ಇಟ್ಟುಕೊಳ್ಳುವುದು ಅಪರೂಪದ ಏರ್ಪಾಡೇನಲ್ಲ. ನಮ್ಮ ಔಡಲದ ಎಲೆತೊಟ್ಟು ನೋಡಿ, ಹತ್ತಿ ಎಲೆಯ ಹಿಂಬದಿಯ ನಡುನರ ನೋಡಿ, ಗೇರುಮರದ ಚಿಗುರು, ಅಲಸಂದೆಯ ಹೂಗೊಂಚಲು ನೋಡಿ. ಎಲ್ಲೆಡೆ ಇಂಥ ಗ್ರಂಥಿಗಳಿವೆ, ಗ್ರಂಥಿಯ ಬಾಯಿಗೆ ಇರುವೆಯೂ ಇರುತ್ತದೆ. ಕೆಲವು ಗಿಡಗಳು ಇನ್ನೂ ಮುಂದೆ ಹೋಗಿ ಊಟದ ಜೊತೆ ಮನೆಯನ್ನೂ ಕೊಡುತ್ತವೆ. ಮಧ್ಯ ಅಮೆರಿಕದ ಒಂದು ಜಾಲಿಗೆ ಹೋರಿಯ ಕೊಂಬಿನಂಥ ಜೋಡಿಮುಳ್ಳು. ಮುಳ್ಳಿನೊಳಗಿನ ಪೊಳ್ಳಿನಲ್ಲಿ ಇರುವೆಯ ಸಂಸಾರ. ತೊಟ್ಟಿನಲ್ಲಿ ಸಿಹಿರಸ, ಎಳೆಯ ಎಲೆದಳಗಳ ತುದಿಯಲ್ಲಿ ಕೊಬ್ಬು, ಪ್ರೋಟೀನು ತುಂಬಿದ ಪುಟ್ಟ ಗುಳಿಗೆ. ನಿಕರಾಗುವಾದ ಚಿನ್ನದ ಗಣಿಯಲ್ಲಿ ಎಂಜಿನಿಯರ್ ಆಗಿದ್ದ ಥಾಮಸ್ ಬೆಲ್ಟ್ 1874ರಲ್ಲಿ ಬರೆದ ಪುಸ್ತಕದಲ್ಲಿ ಈ ಇರುವೆಗಳನ್ನು ಮರದ ಕಾಯಂ ಸೈನ್ಯ ಎಂದೇ ಬಗೆದ. ಆ ಗುಳಿಗೆಗಳಿಗೆ ಇವತ್ತಿಗೂ ಅವನದೇ ಹೆಸರು. ಆದರೆ ಬೆಲ್ಟನ ಮಾತನ್ನು ಲೆಕ್ಕ ಹಾಕಿ ತೋರಿಸಲು ತೊಂಬತ್ತು ವರ್ಷ ಬೇಕಾಯಿತು. ಮೆಕ್ಸಿಕೋದ ವೆರಾಕ್ರೂಸ್ ಪ್ರಾಂತ್ಯದಲ್ಲಿ ಡೇನಿಯಲ್ ಜಾನ್‌ಜೆನ್ ಕೆಲವು ಜಾಲಿಗಳಿಂದ ಇರುವೆಗಳನ್ನು ತೆಗೆದುಹಾಕಿ ನೋಡಿದರು. 1966ರಲ್ಲಿ ಅವರು ಕೊಟ್ಟ ಲೆಕ್ಕದಂತೆ, ಹಗಲಿನಲ್ಲಿ ಇರುವೆಯಿಲ್ಲದ ಟೊಂಗೆಗಳ ಪೈಕಿ ಶೇ. 38.5ರಲ್ಲಿ ಎಲೆ ತಿನ್ನುವ ಕೀಟಗಳಿದ್ದವು. ಇರುವೆಯಿದ್ದವುಗಳಲ್ಲಿ ಬರೀ ಶೇ. 2.7.

ಪಠ್ಯಪುಸ್ತಕಗಳು ಇಲ್ಲಿಗೆ ಕತೆ ಮುಗಿಸುತ್ತವೆ. ನನಗೆ ಅದೇ ಪಟ್ಟಿಯ ಕೆಳಗಿನ ಸಾಲು ಹೆಚ್ಚು ಕುತೂಹಲದ್ದು. ರಾತ್ರಿ ಎಣಿಸಿದಾಗ ಇರುವೆಯಿರುವ ಟೊಂಗೆಗಳಲ್ಲೂ ಶೇ. 12.9ರಷ್ಟರಲ್ಲಿ ಕೀಟಗಳಿದ್ದವು. ಇರುವೆಯಿಲ್ಲದವುಗಳಲ್ಲಿ ಶೇ. 58.8. ಅಂದರೆ ಕಾವಲು ರಾತ್ರಿಯೂ ಇದೆ, ಆದರೆ ಸಡಿಲ. ಆ ಸಡಿಲದಲ್ಲಿ ಬದುಕು ಮಾಡಿಕೊಂಡವರು ಯಾರು, ಹೇಗೆ ಎಂಬುದೇ ಇಲ್ಲಿನ ವಿಷಯ.

ಇರುವೆ ಎಂಥ ಕಾವಲುಗಾರ ಎಂಬುದನ್ನು ಮೊದಲು ನೋಡಬೇಕು. ಮರದ ಮೇಲೆ ಅದಕ್ಕೆ ಪ್ರೀತಿಯಿಲ್ಲ, ನಿಷ್ಠೆಯೂ ಇಲ್ಲ. ಸಿಗುವ ಸಕ್ಕರೆಗೆ ಬಂದದ್ದು ಅದು. ಹೆಚ್ಚಿನ ಇರುವೆಗಳಿಗೆ ಕಣ್ಣು ಮಂದ. ಲೋಕವೆಲ್ಲ ಮೀಸೆಯ ತುದಿಯಲ್ಲಿ, ವಾಸನೆಯಲ್ಲಿ, ಮುಟ್ಟಿದಾಗಿನ ರುಚಿಯಲ್ಲಿ. ನಡೆಯುವುದು ಎಲೆ, ಕೊಂಬೆಗಳ ಮೇಲ್ಮೈಯಲ್ಲಿ ಮಾತ್ರ. ಈ ಕಾವಲನ್ನು ದಾಟಿದ ಎಲೆಗಳ್ಳರಲ್ಲಿ ಇರುವೆಯನ್ನು ಬಲದಿಂದ ಸೋಲಿಸಿದವರು ಕಡಿಮೆ. ಹೆಚ್ಚಿನವರು ಇರುವೆಗೆ ಕಾಣದ್ದು ಯಾವುದು, ಬೇಕಾದದ್ದು ಯಾವುದು ಎಂಬುದನ್ನು ಹಿಡಿದುಕೊಂಡವರು.

ಮತ್ತೆ ಯೂನಿಕಾದ ಮರಿಗಳತ್ತ ಬರೋಣ. ಮೊಟ್ಟೆಯೊಡೆದು ಬಂದ ಮರಿ ತೀರ ಚಿಕ್ಕದು, ಇರುವೆಗೆ ಒಂದು ತುತ್ತು. ಅದು ಎಲೆಯಂಚಿನಲ್ಲಿ ತನ್ನದೇ ಹಿಕ್ಕೆಯನ್ನು ರೇಷ್ಮೆನೂಲಿನಿಂದ ಒಂದಕ್ಕೊಂದು ಹೆಣೆಯುತ್ತ ಗಾಳಿಯಲ್ಲಿ ಚಾಚಿದ ಕಡ್ಡಿಯೊಂದನ್ನು ಕಟ್ಟುತ್ತದೆ. ತಿನ್ನುವಾಗ ಎಲೆಗೆ ಬರುವುದು, ತಿಂದಾದ ಮೇಲೆ ಕಡ್ಡಿಯ ತುದಿಗೆ ಹೋಗಿ ಕೂರುವುದು. ಇರುವೆಗಳು ಆ ಒಣ ಹಿಕ್ಕೆಯ ದಂಡದ ಮೇಲೆ ಹೆಜ್ಜೆಯಿಡುವುದೇ ಅಪರೂಪ. ಇದನ್ನೂ ಪರೀಕ್ಷಿಸಿದ್ದಾರೆ. ಜೀವಂತ ಗೆದ್ದಲುಗಳನ್ನು ಕೆಲವು ಎಲೆಯ ಮೇಲೂ ಕೆಲವು ಹಿಕ್ಕೆದಂಡದ ತುದಿಯಲ್ಲೂ ಅಂಟಿಸಿಟ್ಟಾಗ, ಎಲೆಯ ಮೇಲಿನವು ಬೇಗ ಇರುವೆಯ ಪಾಲಾದವು. ದಂಡದ ತುದಿಯವು ಹೆಚ್ಚಾಗಿ ಉಳಿದವು. ಬಲಿತ ಹುಳುವಿಗೆ ದಂಡ ಬೇಕಿಲ್ಲ. ಇರುವೆ ಮುಟ್ಟಿದರೆ ಎಲೆಯಿಂದ ಹಾರಿ, ನೂಲಿನಲ್ಲಿ ಜೋತು, ಗಲಾಟೆ ತಣ್ಣಗಾದ ಮೇಲೆ ಮೇಲೇರುತ್ತದೆ.

ಹಿಕ್ಕೆದಂಡ ನೋಡಲು ಬ್ರೆಜಿಲ್‌ಗೆ ಹೋಗಬೇಕಿಲ್ಲ. ಇಂಗ್ಲಿಷಿನಲ್ಲಿ ಕಮಾಂಡರ್ ಎಂದು ಹೆಸರಿರುವ, ಕೆಂಪುಕಂದು ರೆಕ್ಕೆಗೆ ಬಿಳಿ ಪಟ್ಟೆಯ ಚಿಟ್ಟೆ ನಮ್ಮ ಮಲೆನಾಡಿನಲ್ಲೂ ಇದೆ. ಅದರ ಮರಿ ಮುಸಾಂಡದಂಥ ಗಿಡಗಳ ಎಲೆಯನ್ನು ಎರಡೂ ಬದಿಯಿಂದ ತಿಂದು ನಡುನರವನ್ನು ಮಾತ್ರ ಉಳಿಸಿ, ಅದರ ತುದಿಗೆ ಹಿಕ್ಕೆ ಪೋಣಿಸಿ ಉದ್ದ ಮಾಡಿಕೊಂಡು ಅಲ್ಲೇ ಕೂರುತ್ತದೆ. ಆಮೆಚಿಪ್ಪಿನಾಕಾರದ ಕೆಲವು ಜೀರುಂಡೆಗಳ ಮರಿಗಳಂತೂ ಹಿಕ್ಕೆ, ಕಳಚಿದ ಪೊರೆ ಎಲ್ಲವನ್ನೂ ಬಾಲದ ಕವಲಿನ ಮೇಲೆ ಪೇರಿಸಿಕೊಂಡು ಗುರಾಣಿಯಂತೆ ಹೊತ್ತು ತಿರುಗುತ್ತವೆ. ಇರುವೆ ಯಾವ ಕಡೆಯಿಂದ ಬಂದರೆ ಆ ಕಡೆಗೆ ಗುರಾಣಿ ಓರೆಯಾಗುತ್ತದೆ. ಕೀಟಲೋಕದಲ್ಲಿ ಹಿಕ್ಕೆಗೆ ಸಿಕ್ಕಷ್ಟು ಮರ್ಯಾದೆ ಬೇರೆಲ್ಲೂ ಸಿಕ್ಕಿರಲಾರದು.

ಇವೆಲ್ಲ ಇರುವೆಯ ದಾರಿ ತಪ್ಪಿಸಿ ಬದುಕುವ ಬಗೆ. ಎಲೆಯ ಪದರದೊಳಗೆ ಸುರಂಗ ಕೊರೆಯುವ ಹುಳು, ಕಾಂಡದೊಳಗೆ ಸೇರುವ ಹುಳು, ಗಂಟು ಕಟ್ಟಿಸಿಕೊಂಡು ಒಳಗೆ ಕೂರುವ ಹುಳು ಮಾಡುವುದೂ ಅದನ್ನೇ. ಇರುವೆಯ ಮೀಸೆಯ ಎದುರೇ ಕೂತು ಬಚಾವಾಗುವವರು ಇನ್ನೂ ಸೂಕ್ಷ್ಮದವರು. ಜಪಾನಿನಲ್ಲಿ ಬಿಸ್ಟನ್ ರೊಬಸ್ಟಮ್ ಎಂಬ ಪತಂಗದ ಮರಿ ನೋಡಲು ಥೇಟ್ ಒಣ ಕಡ್ಡಿ. ಹಕ್ಕಿಯ ಕಣ್ಣಿಗೆ ಅದು ಸಾಕು, ಇರುವೆಗೆ ಸಾಲದು. ಆದರೆ ಇರುವೆಗಳು ಅದರ ಮೈಮೇಲೆಯೇ ನಡೆದು ದಾಟಿ ಹೋಗುತ್ತವೆ, ಕೆಳಗಿರುವುದು ಊಟ ಎಂದು ತಿಳಿಯದೆ. ಅಕಿನೊ ಮತ್ತು ಜೊತೆಗಾರರು 2004ರಲ್ಲಿ ಇದರ ಗುಟ್ಟು ಬಿಡಿಸಿದರು. ಹುಳುವಿನ ಚರ್ಮದ ಮೇಲಿನ ಮೇಣದ ರಾಸಾಯನಿಕಗಳು ಅದು ಕೂತಿರುವ ಕೊಂಬೆಯ ಮೇಣವನ್ನೇ ಹೋಲುತ್ತಿದ್ದವು. ಬೇರೆ ಜಾತಿಯ ಗಿಡದ ಕೊಂಬೆಗೆ ಆ ಹುಳುವನ್ನು ಎತ್ತಿಟ್ಟರೆ ಇರುವೆ ಗುರುತು ಹಿಡಿದು ಮೇಲೆ ಬೀಳುತ್ತದೆ. ಹೊಸ ಗಿಡವನ್ನೇ ತಿಂದು ಒಮ್ಮೆ ಪೊರೆ ಕಳಚಿತೋ, ಮೈಯ ಮೇಣ ಹೊಸ ಗಿಡದ್ದಾಗಿರುತ್ತದೆ. ವೇಷ ಅಂಗಡಿಯಿಂದ ತಂದದ್ದಲ್ಲ, ಉಂಡದ್ದರಿಂದಲೇ ಬಂದದ್ದು. ಮರುವರ್ಷ ಬ್ರೆಜಿಲ್‌ನಿಂದಲೂ ಇಂಥದೇ ಸುದ್ದಿ ಬಂತು: ಬದನೆಯ ಕುಲದ ಗಿಡ ತಿನ್ನುವ ಮೆಕಾನಿಟಿಸ್ ಚಿಟ್ಟೆಯ ಮರಿ ತನ್ನ ಗಿಡದ ಮೇಲಿದ್ದಾಗ ಇರುವೆಗೆ ಅಷ್ಟಾಗಿ ಪತ್ತೆಯಾಗುವುದಿಲ್ಲ, ಪರಗಿಡದ ಮೇಲಿಟ್ಟರೆ ಪತ್ತೆಯಾಗುತ್ತದೆ.

ಮರದ ಕಾವಲಿನ ದೊಡ್ಡ ಬಿರುಕು ಇರುವುದು ವಾಸನೆಯಲ್ಲಲ್ಲ, ಸಂಬಳದಲ್ಲಿ.

ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ.ಆರ್. ಬೆಲ್ ಎಂಬ ಬ್ರಿಟಿಷ್ ಅಧಿಕಾರಿಗೆ ಚಿಟ್ಟೆಗಿಂತ ಚಿಟ್ಟೆಯ ಮರಿಗಳ ಹುಚ್ಚು. 19ನೇ ಶತಮಾನದ ಕೊನೆಯಲ್ಲಿ ಜಿಲ್ಲೆಯ ಕಲೆಕ್ಟರ್ ಡೇವಿಡ್‌ಸನ್, ಉಪ್ಪು–ಸುಂಕದ ಇಲಾಖೆಯ ಐಟ್ಕನ್ ಅವರ ಜೊತೆ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬದುಕನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ನಿವೃತ್ತಿಯ ನಂತರವೂ ಬೆಲ್ ಕಾರವಾರದಲ್ಲೇ ಉಳಿದರು. ನೀಲಿ ಚಿಟ್ಟೆಗಳ ಕುಟುಂಬದ ಬಗ್ಗೆ ಅವರು ಬರೆದದ್ದರಲ್ಲಿ ಇರುವೆ ಇಲ್ಲದ ಪುಟ ಹುಡುಕುವುದು ಕಷ್ಟ. ಯಾವ ಮರಿಯ ಸುತ್ತ ಯಾವ ಇರುವೆ, ಎಷ್ಟು ಹತ್ತಿರ, ಏನು ಮಾಡುತ್ತದೆ, ಎಲ್ಲವನ್ನೂ ಗಮನಿಸಿದ್ದಾರೆ. ಇವತ್ತಿನ ಲೆಕ್ಕದಲ್ಲಿ, ಜೀವನಕ್ರಮ ಗೊತ್ತಿರುವ ಈ ಕುಟುಂಬದ ಚಿಟ್ಟೆಗಳ ಪೈಕಿ ಸುಮಾರು ಮುಕ್ಕಾಲು ಪಾಲಿಗೆ ಇರುವೆಯ ನಂಟಿದೆ.

ಈ ಮರಿಗಳ ಚರ್ಮ ದಪ್ಪ, ತಲೆಯನ್ನು ಒಳಗೆಳೆದುಕೊಳ್ಳಬಲ್ಲವು. ಬೆನ್ನ ಹಿಂಭಾಗದಲ್ಲೊಂದು ಗ್ರಂಥಿ. ಇರುವೆ ಮೀಸೆಯಿಂದ ತಟ್ಟಿದರೆ ಅದರಿಂದ ಸಕ್ಕರೆ, ಅಮೈನೋ ಆಮ್ಲಗಳು ಕೂಡಿದ ಹನಿ ಬರುತ್ತದೆ. ಗ್ರಂಥಿಯ ಹಿಂದೆ ಒಳಕ್ಕೂ ಹೊರಕ್ಕೂ ಬರುವ ಎರಡು ಎಳೆಗಳು. ಮಲೆನಾಡಿನ ಮತ್ತಿಮರದಲ್ಲಿ ಚಗಳಿ ಎಂಬ ಕೆಂಪಿರುವೆಗಳು ಮುತ್ತಿಕೊಂಡ ಹಸಿರು ಮರಿಯನ್ನು ಕಂಡರೆ, ಅದು ಚಗಳಿಯ ಬಾಯಿಗೆ ಸಿಕ್ಕಿದೆ ಎಂದುಕೊಳ್ಳಬೇಡಿ. ಅರ್ಹೋಪಾಲ ಎಂಬ ದೊಡ್ಡ ನೀಲಿ ಚಿಟ್ಟೆಯ ಮರಿಯಿರಬಹುದು ಅದು. ಚಗಳಿಗಳು ಅದರ ಸುತ್ತ ನಿಂತಿರುವುದು ಕಾಯಲಿಕ್ಕೆ. ಬೇರೆ ಹುಳುವನ್ನು ಕಂಡರೆ ಹರಿದು ಹಂಚಿಕೊಳ್ಳುವ ಅದೇ ಚಗಳಿಗಳು.

ಪನಾಮಾದಲ್ಲಿ ಫಿಲಿಪ್ ಡಿವ್ರೀಸ್ ಕಂಡದ್ದು ಇದಕ್ಕಿಂತ ಒಂದು ಕೈ ಮೇಲು. ಅಲ್ಲಿನ ಕ್ರೋಟನ್ ಗಿಡ ಇರುವೆಗಾಗಿ ಸಿಹಿ ಒಸರುತ್ತದೆ. ಥಿಸ್ಬೆ ಐರೇನಿಯಾ ಎಂಬ ಚಿಟ್ಟೆಯ ಮರಿ ಆ ಗಿಡದ ಎಲೆ ತಿನ್ನುತ್ತದೆ, ಇರುವೆಗೆಂದು ಇಟ್ಟ ಸಿಹಿಯನ್ನೂ ಕುಡಿಯುತ್ತದೆ. ತನ್ನ ಮೈಯಿಂದ ಅಮೈನೋ ಆಮ್ಲ ಹೆಚ್ಚಿರುವ ಹನಿಯನ್ನು ಇರುವೆಗೆ ಕೊಡುತ್ತದೆ. ಇರುವೆಗೆ ಗಿಡದ ಸಿಹಿಗಿಂತ ಮರಿಯ ಹನಿಯೇ ರುಚಿ. ಅಲ್ಲಿಂದ ಇರುವೆ ಕಾಯುವುದು ಗಿಡವನ್ನಲ್ಲ, ಗಿಡ ತಿನ್ನುವವನನ್ನು. ಕಣಜಗಳು ಮರಿಯನ್ನು ಹೊತ್ತೊಯ್ಯಲು ಬಂದರೆ ತಡೆಯುವುದು ಇದೇ ಇರುವೆ. ಅಷ್ಟೇ ಅಲ್ಲ, ಮರಿಯ ತಲೆಯ ಹತ್ತಿರ ಎರಡು ಸಣ್ಣ ಕಡ್ಡಿಗಳಿವೆ. ತಲೆ ಆಡಿಸಿದಾಗ ಅವು ಉಜ್ಜಿ ಹುಟ್ಟುವ ಕಂಪನ ಎಲೆಯ ಮೂಲಕ ಹರಡಿ ಇರುವೆಯನ್ನು ಕರೆಯುತ್ತದೆ. ನಮ್ಮ ಕಿವಿಗೆ ಏನೂ ಕೇಳಿಸದು. ಆ ಕಡ್ಡಿಗಳನ್ನು ತೆಗೆದ ಮರಿಗಳ ಬಳಿಗೆ ಇರುವೆ ಬಂದದ್ದು ಕಡಿಮೆ ಎಂದು ಡಿವ್ರೀಸ್ 1990ರಲ್ಲಿ ವರದಿ ಮಾಡಿದರು.

ಹನಿ ಕೊಟ್ಟು ಕಾವಲು ಪಡೆಯುವುದು ಇಬ್ಬರಿಗೂ ಲಾಭದ ವ್ಯವಹಾರ ಎಂದು ಬಹುಕಾಲ ಬರೆಯುತ್ತಿದ್ದರು. 2015ರಲ್ಲಿ ಜಪಾನಿನ ಹೋಜೊ, ಅಮೆರಿಕದ ನವೋಮಿ ಪಿಯರ್ಸ್ ಮತ್ತು ಜೊತೆಗಾರರು ಅದಕ್ಕೆ ಕಲ್ಲು ಹಾಕಿದರು. ಜಪಾನಿನ ನೀಲಿ ಚಿಟ್ಟೆಯೊಂದರ ಮರಿಯ ಹನಿ ಕುಡಿದ ಇರುವೆಗಳು ಓಡಾಟ ಕಡಿಮೆ ಮಾಡಿ ಮರಿಯ ಪಕ್ಕದಲ್ಲೇ ಉಳಿದವು. ಮರಿ ತನ್ನ ಎರಡು ಎಳೆಗಳನ್ನು ಹೊರಚಾಚಿದರೆ ಕೆರಳಿ ಸುತ್ತಲಿನವರ ಮೇಲೆರಗಲು ಸಿದ್ಧವಾದವು. ಅವುಗಳ ಮಿದುಳಿನಲ್ಲಿ ಡೋಪಮೀನ್ ಮಟ್ಟ ಇಳಿದಿತ್ತು. ಇದು ಕೂಲಿಯಲ್ಲ, ಮದ್ದು. ಕುಡಿದ ಇರುವೆ ಗೂಡಿಗೂ ಹೋಗದೆ ಅಲ್ಲೇ ನಿಲ್ಲುತ್ತದೆ. ನೀಲಿ ಚಿಟ್ಟೆಯ ಮರಿಗಳ ಬಗ್ಗೆ ನನಗಿದ್ದ ಮೃದುಭಾವ ಇದನ್ನೋದಿದ ಮೇಲೆ ಸ್ವಲ್ಪ ಕರಗಿತು, ಮೆಚ್ಚುಗೆ ಹೆಚ್ಚಿತು.

ಸಸ್ಯಹೇನು, ಹಿಟ್ಟು ತಿಗಣೆ, ಮುಳ್ಳಿನಾಕಾರದ ಜಿಗಿಹುಳುಗಳಿಗೆ ಇಷ್ಟೆಲ್ಲ ನಾಟಕ ಬೇಕಿಲ್ಲ. ಗಿಡದ ರಸ ಹೀರಿದ ಮೇಲೆ ಹಿಂದಿನಿಂದ ಬರುವುದೇ ಸಿಹಿ. ಅಲಸಂದೆಯ ಕಾಯಿಗೆ ಕರಿಹೇನು ಹತ್ತಿದಾಗ ಇರುವೆಯ ಸಾಲು ಕಾಣದ ರೈತರಿಲ್ಲ. ಆದರೂ ಇಲ್ಲೊಂದು ಪ್ರಶ್ನೆಯಿದೆ: ಇಷ್ಟು ಮೆತ್ತಗಿನ ಮಾಂಸವನ್ನು ಪಕ್ಕದಲ್ಲಿಟ್ಟುಕೊಂಡು ಇರುವೆ ಬರೀ ಸಿಹಿ ನೆಕ್ಕುವುದೇಕೆ? ಬ್ರೆಜಿಲ್‌ನ ಒಂದು ಜಿಗಿಹುಳು ಇದಕ್ಕೆ ಒಂದು ಉತ್ತರ ಕೊಟ್ಟಿದೆ. ಅದರ ಮೈಯ ಮೇಣವೂ ಅದು ಕೂತ ಗಿಡದ್ದನ್ನೇ ಹೋಲುತ್ತದೆ. ಸಿಹಿಯಿಂದ ಇರುವೆಯನ್ನು ಕರೆಯುವುದು, ವಾಸನೆಯಲ್ಲಿ ಗಿಡವಾಗಿಯೇ ಉಳಿಯುವುದು.

ಸಂಬಳ ಕಡಿತವಾದರೆ ಕಾವಲಿನ ಗತಿಯೇನು? ಕೀನ್ಯಾದ ಲೈಕಿಪಿಯ ಪ್ರದೇಶದಲ್ಲಿ 1995ರಿಂದ ಬೇಲಿ ಹಾಕಿ ಆನೆ, ಜಿರಾಫೆಗಳು ಒಳಗೆ ಬಾರದಂತೆ ಮಾಡಿದ ಜಾಲಿಯ ತಾಕುಗಳಿವೆ. ಅಲ್ಲಿನ ಜಾಲಿಯೂ ಮುಳ್ಳಿನ ಬುಡದ ಗುಳ್ಳೆಯಲ್ಲಿ ಇರುವೆಗೆ ಮನೆ ಕೊಟ್ಟಿದೆ. ಬೇಲಿಯೊಳಗೆ ಜಾಲಿಗಳು ಸುಖವಾಗಿರುತ್ತವೆ ಎಂದು ಯಾರಾದರೂ ಊಹಿಸುತ್ತಾರೆ. ಟಾಡ್ ಪಾಮರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದು ಬೇರೆಯೇ. ದೊಡ್ಡ ಪ್ರಾಣಿಗಳ ಕಾಟವಿಲ್ಲದ ಹತ್ತು ವರ್ಷದಲ್ಲಿ ಮರಗಳು ಸಿಹಿರಸವನ್ನೂ ಗುಳ್ಳೆಮುಳ್ಳುಗಳನ್ನೂ ಕಡಿಮೆ ಮಾಡಿದ್ದವು. ಊಟ ತಪ್ಪಿದ ಒಳ್ಳೆಯ ಕಾವಲು ಇರುವೆ ಮರದ ರಸ ಹೀರುವ ಶಲ್ಕಕೀಟಗಳನ್ನು ಹೆಚ್ಚು ಸಾಕತೊಡಗಿತು. ಮರವನ್ನು ಕಾಯುವ ಉತ್ಸಾಹ ಇಳಿಯಿತು. ಅದರ ಜಾಗಕ್ಕೆ ಇನ್ನೊಂದು ಜಾತಿಯ ಇರುವೆ ನುಗ್ಗಿತು. ಈ ಹೊಸಬನಿಗೆ ಗುಳ್ಳೆಮುಳ್ಳು ಬೇಡ, ಕಾಂಡ ಕೊರೆಯುವ ಜೀರುಂಡೆ ಬಿಟ್ಟುಹೋದ ಪೊಳ್ಳು ಬೇಕು. ಹಾಗಾಗಿ ಜೀರುಂಡೆಗೆ ಅಡ್ಡಿ ಮಾಡುವುದಿರಲಿ, ಅದಕ್ಕೆ ಅನುಕೂಲವನ್ನೇ ಮಾಡಿಕೊಡುತ್ತದೆ. ಬೇಲಿಯೊಳಗಿನ ಮರಗಳು ನಿಧಾನ ಬೆಳೆದವು, ಹೆಚ್ಚು ಸತ್ತವು. ಕಾಂಡಕೊರಕ ಇಲ್ಲಿ ಯಾವ ಉಪಾಯವನ್ನೂ ಹೂಡಲಿಲ್ಲ ಎಂಬುದು ಗಮನಿಸಬೇಕಾದ ಮಾತು. ಮರವೂ ಇರುವೆಯೂ ಜಗಳಾಡಿದ್ದೇ ಅದಕ್ಕೆ ಸಾಕಾಯಿತು.

ಕೊಡಗಿನ ಕಾಡುಗಳಲ್ಲಿ ಹಂಬೋಲ್ಟಿಯಾ ಬ್ರುನೋನಿಸ್ ಎಂಬ ಸಣ್ಣ ಮರವಿದೆ, ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಅದನ್ನು ಅಭ್ಯಸಿಸಿದ್ದಾರೆ. ಕೆಲವು ಮರಗಳ ಕೊಂಬೆಯಲ್ಲಿ ಉಬ್ಬಿದ ಪೊಳ್ಳು ಗೆಣ್ಣುಗಳಿವೆ, ಅದೇ ಜಾತಿಯ ಪಕ್ಕದ ಮರದಲ್ಲಿ ಇಲ್ಲ. ಪೊಳ್ಳಿನಲ್ಲಿ ಹಲವು ಜಾತಿಯ ಇರುವೆಗಳು, ಒಂದು ಬಗೆಯ ಎರೆಹುಳು ಕೂಡ. ಬಾಡಿಗೆ ಸಲ್ಲಿಸುವವರು, ಅಂದರೆ ಎಳೆ ಎಲೆಯನ್ನು ನಿಜವಾಗಿ ಕಾಯುವವರು, ಅವರಲ್ಲಿ ಕೆಲವರು ಮಾತ್ರ. ಉಳಿದವರು ಸುಮ್ಮನೆ ವಾಸವಿದ್ದಾರೆ.

ಕಾಫಿ ಬೆಳೆಗಾರರಿಗೆ ಇಂಥ ವಾಸದವರ ಪರಿಚಯ ಚೆನ್ನಾಗಿದೆ. ಗಿಡದಲ್ಲಿ ಇರುವೆ ಹೆಚ್ಚಿತೆಂದರೆ ಹಿಟ್ಟು ತಿಗಣೆ, ಹಸಿರು ಶಲ್ಕಕೀಟ ಇದೆ ಎಂದೇ ಲೆಕ್ಕ. ಈ ಶಲ್ಕಕೀಟದ ಮೇಲೆ ಬಿಡಲೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಗುಲಗಂಜಿ ಹುಳುವನ್ನು ತರಿಸಿದರು. ಕ್ರಿಪ್ಟೊಲೀಮಸ್ ಅದರ ಹೆಸರು. ಅದು ನೆಲೆಯೂರಿ ಕೊನೆಗೆ ಹಿಟ್ಟು ತಿಗಣೆಗಳ ಮೇಲೆ ಹೆಸರು ಮಾಡಿತು. ಅದರ ಮರಿಯ ಮೈಮೇಲೆ ಬಿಳಿ ಮೇಣದ ಜಡೆಗಳಿವೆ. ನೋಡಿದವರು ಅದನ್ನೂ ಹಿಟ್ಟು ತಿಗಣೆ ಎಂದೇ ಹೊಸಕಿ ಹಾಕುವುದುಂಟು. ಇರುವೆ ಕಚ್ಚಿದರೆ ಬಾಯಿಗೆ ಬರುವುದು ಮೇಣ. ಅಷ್ಟಿದ್ದೂ ಗುಲಗಂಜಿ ಹುಳು ಬಿಡುವ ಮೊದಲು ಇರುವೆಯನ್ನು ಹತೋಟಿಗೆ ತನ್ನಿ ಎಂಬ ಸಲಹೆ ಇದ್ದೇ ಇದೆ. ಘಟ್ಟ ಇಳಿದು ಗೇರುತೋಟಕ್ಕೆ ಹೋದರೆ ಮಾತು ತಿರುಗಾಮುರುಗಾ. ಚಿಗುರು, ಹೂ ಹೀರಿ ಒಣಗಿಸುವ ಟೀ ಸೊಳ್ಳೆ (ಹೆಸರು ಸೊಳ್ಳೆ, ಜಾತಿ ತಿಗಣೆಯದು) ಚಗಳಿ ಕಂಡರೆ ಆಗದ ಕೀಟ. ಆಸ್ಟ್ರೇಲಿಯಾದ ಉತ್ತರದ ಗೇರುತೋಟಗಳಲ್ಲಿ ಅದರ ಜಾತಿಬಂಧುವನ್ನು ಚಗಳಿಗಳಿಂದಲೇ ಹದ್ದುಬಸ್ತಿನಲ್ಲಿಟ್ಟು ತೋರಿಸಿದ್ದಾರೆ. ಅದೇ ಚಗಳಿ ಅದೇ ಮರದಲ್ಲಿ ಹಿಟ್ಟು ತಿಗಣೆಯನ್ನೂ ಸಾಕಿಕೊ‍ಂಡಿರಬಹುದು. ಬೆಳೆಗಾರ ಯಾವ ಬಾಬ್ತು ದೊಡ್ಡದು ಎಂದು ನೋಡಿಕೊಳ್ಳಬೇಕು.

ಚಗಳಿಯ ಲೆಕ್ಕವನ್ನು ಪೂರಾ ಚುಕ್ತಾ ಮಾಡಿದ್ದು ಲಿಫೈರಾ ಬ್ರಾಸೋಲಿಸ್ ಎಂಬ ಚಿಟ್ಟೆ. ಅದೂ ನೀಲಿ ಚಿಟ್ಟೆಗಳ ಕುಟುಂಬದ್ದೇ, ಆದರೆ ಅದರ ಮರಿ ಎಲೆಯ ಸಹವಾಸವನ್ನೇ ಬಿಟ್ಟಿದೆ. ಚಗಳಿಯ ಗೂಡಿನೊಳಗೇ ಸೇರಿ ಅವುಗಳ ಮರಿಗಳನ್ನು ತಿನ್ನುತ್ತದೆ. ಮೈ ಚರ್ಮದ ಚಪ್ಪಲಿಯಷ್ಟು ಗಡುಸು, ಚಗಳಿಯ ಹಲ್ಲು ನಾಟದು. ಕೋಶದಿಂದ ಹೊರಬಂದ ಚಿಟ್ಟೆಗೆ ಆ ಚರ್ಮವಿಲ್ಲ. ಬದಲಿಗೆ ಮೈತುಂಬ ಸುಲಭಕ್ಕೆ ಉದುರುವ ಬಿಳಿ ಹೊಟ್ಟು. ಕಚ್ಚಲು ಬಂದ ಚಗಳಿಯ ಬಾಯಿ, ಮೀಸೆಗೆ ಅದು ಮೆತ್ತಿಕೊಂಡು, ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಚಿಟ್ಟೆ ಗೂಡು ದಾಟಿರುತ್ತದೆ.

ಕಾವಲುಗಾರನನ್ನೇ ತಿನ್ನುವ ಈ ದಾರಿ ಮಲೆನಾಡಿನವರಿಗೂ ಗೊತ್ತು. ಗೂಡನ್ನು ಎಲೆಸಮೇತ ಇಳಿಸಿ, ಕೊಡವಿ, ಉಪ್ಪು, ಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದ ಚಗಳಿ ಚಟ್ನಿ ಹುಳಿಹುಳಿಯಾಗಿ ಚೆನ್ನಾಗಿರುತ್ತದೆ. ಒಡಿಶಾದ ಮಯೂರಭಂಜದವರು ಇದೇ ಇರುವೆಯ ಚಟ್ನಿಗೆ 2024ರ ಜನವರಿಯಲ್ಲಿ ಜಿಐ ಮಾನ್ಯತೆಯನ್ನೂ ಪಡೆದುಕೊಂಡರು.